ಜೋನ ಲೋಟ

ಈ ಇಂಗ್ಲಿಷಿನವರಿಗೆ ಕಾಫಿಯನ್ನು ಕಾಫಿ ಎಂದು ಕರೆಯಲು ಏನು ಧಾಡಿಯೋ, ಇಪ್ಪತ್ತೆರಡು ವರ್ಷದಿಂದ ನನಗಂತೂ ತಿಳಿದಿಲ್ಲ. ಕೆಸರು ಅನ್ನುತ್ತಾರೆ. ಮಣ್ಣು ಅನ್ನುತ್ತಾರೆ. ಮಿದುಳಿನ ರಸ ಅನ್ನುತ್ತಾರೆ, ಕೆಟ್ಟದಾಗಿದ್ದರೆ ಬ್ಯಾಟರಿ ಆಸಿಡ್ ಅನ್ನುತ್ತಾರೆ. ನಿದ್ದೆಗೆಡಿಸುವ ಗುಣ ತೆಗೆದ ಕಾಫಿ ಬೇಕಾದರೆ ಪೆಟ್ರೋಲ್ ಬಂಕಿನಲ್ಲಿ ನಿಂತವರ ಹಾಗೆ "ಸೀಸ ಇಲ್ಲದ್ದು ಕೊಡಿ" ಅನ್ನುತ್ತಾರೆ. ಆ ಗುಣವೂ ಇಲ್ಲದ, ಹಾಲಿನಲ್ಲಿ ಕೆನೆಯೂ ಇಲ್ಲದ ಸಪ್ಪೆ ಕಾಫಿಗೆ "ಯಾಕಾದರೂ ಬೇಕು" ಎಂಬ ಅರ್ಥದ ಹೆಸರೇ ಇದೆ. ಅದೊಂದು ಹೆಸರು ಮಾತ್ರ ನನಗೆ ಇಷ್ಟ. ನನ್ನ ಕೆಲಸಕ್ಕೂ ಅದನ್ನೇ ಇಡಬಹುದು.

ನನ್ನ ಕೆಲಸ ಸಬ್‌ಟೈಟಲ್ ಬರೆಯುವುದು. ಸೀರಿಯಲ್ಲಿನಲ್ಲಿ ಜನ ಇಂಗ್ಲಿಷಿನಲ್ಲಿ ಬಡಬಡಿಸುತ್ತಿದ್ದರೆ ಪರದೆಯ ಕೆಳಗೆ ಎರಡು ಸಾಲು ಕನ್ನಡ ಬರುತ್ತದಲ್ಲ, ಅದು. ಒಂದು ಸಾಲಿಗೆ ಇಷ್ಟೇ ಅಕ್ಷರ, ಒಂದು ಮಾತಿಗೆ ಇಷ್ಟೇ ಸೆಕೆಂಡು. ಸರಿಯಾಗಿ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ತಪ್ಪು ಬರೆದರೆ ಊರೆಲ್ಲ ನಗುತ್ತದೆ. ಇದನ್ನೇ ಮಾಡಿ ಮಾಡಿ ನನಗೀಗ ನಲವತ್ತೇಳು. ಕಣ್ಣಿಗೆ ದಪ್ಪ ಕನ್ನಡಕ, ಕುತ್ತಿಗೆಗೆ ಪಟ್ಟಿ, ಬೆನ್ನಿಗೊಂದು ದಿಂಬು. ಮಲಗಿದರೂ ಆಯಾಸ, ಎದ್ದರೂ ಆಯಾಸ.

ಗುರುವಾರ ಬೆಳಿಗ್ಗೆ ಆಫೀಸಿನ ಹೊಸ ಮ್ಯಾನೇಜರ್ ಫೋನ್ ಮಾಡಿದಳು. ನನ್ನ ಅರ್ಧ ವಯಸ್ಸಿನವಳು, ಚುರುಕು. ಕೆಲಸದಲ್ಲಿ ಚುರುಕಾದವರನ್ನು ಕಂಡರೆ ನನಗೆ ಈಗ ಭಯ.

"ಮೇಡಂ, ಆ ಹಳೇ ಸೀರಿಯಲ್ ಇದೆಯಲ್ಲ, ಹೆದ್ದಾರಿ ಪಕ್ಕದ ಹೋಟೆಲ್ಲು, ಪೊಲೀಸಿನವರು, ಲಾರಿಯವರು... ಸೋಮವಾರದಿಂದ ಅದನ್ನ ಮತ್ತೆ ಹಾಕ್ತಿದ್ದಾರೆ. ಸಬ್‌ಟೈಟಲ್ ನಿಮ್ಮದೇ ಅಲ್ವಾ?"

"ನಂದೇ."

"ಯಾರು ಮೇಡಂ ಈ ಜೋ?"

ನಾನು ಕುತ್ತಿಗೆಯ ಪಟ್ಟಿ ಸಡಿಲಿಸಿಕೊಂಡೆ.

"ಪಾತ್ರಗಳ ಪಟ್ಟೀಲಿ ಜೋ ಅನ್ನೋರು ಯಾರೂ ಇಲ್ಲ. ನಿಮ್ಮ ಕನ್ನಡದಲ್ಲಿ ಮಾತ್ರ ಅರವತ್ತೊಂದು ಕಡೆ ಇದ್ದಾನೆ. ಕೂತು ಎಣಿಸಿದೆ." ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಜೋ ಅಂದ್ರೆ ಕಾಫಿ ಮೇಡಂ! ಕಪ್ ಆಫ್ ಜೋ ಅಂದ್ರೆ ಒಂದು ಲೋಟ ಕಾಫಿ, ಅಷ್ಟೇ!"

"ಗೊತ್ತು ಕಣಮ್ಮ."

"ಶನಿವಾರ ಸಂಜೆಯೊಳಗೆ ಎಲ್ಲಾ ಸರಿಮಾಡಿ ಕಳಿಸಿಬಿಡಿ, ಆಯ್ತಾ?"

ಆಯಿತು ಎಂದು ಫೋನ್ ಇಟ್ಟೆ. ಗೊತ್ತು ಅಂದದ್ದು ಸುಳ್ಳಲ್ಲ. ಜೋ ಅಂದರೆ ಕಾಫಿ ಎಂದು ನನಗೆ ಗೊತ್ತಾಗಿ ಇಪ್ಪತ್ತೊಂದು ವರ್ಷವಾಗಿದೆ. ನನ್ನ ಸಂಕಟ ಇರುವುದೇ ಅಲ್ಲಿ.

ಆ ಸೀರಿಯಲ್ ನನ್ನ ಮೊದಲ ಕೆಲಸ. ಆಗ ನನಗೆ ಇಪ್ಪತ್ತೈದು. ಚಿತ್ರ ತೋರಿಸುತ್ತಿರಲಿಲ್ಲ, ಮಾತುಗಳನ್ನು ಟೈಪ್ ಮಾಡಿದ ಹಾಳೆಗಳ ಕಟ್ಟನ್ನಷ್ಟೇ ಕೈಗಿಡುತ್ತಿದ್ದರು. ಅದನ್ನು ಟೈಪ್ ಮಾಡಿದ ಪುಣ್ಯಾತ್ಮ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಕುಟ್ಟಿದ್ದ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಶುರುವಾದರೆ ತಾನೆ ಮನುಷ್ಯನ ಹೆಸರು ಎಂದು ತಿಳಿಯುವುದು? ಎಲ್ಲವೂ ದೊಡ್ಡದಾದರೆ ಮೇಜೂ ಮನುಷ್ಯನೇ, ಕಾಫಿಯೂ ಮನುಷ್ಯನೇ. ನಾನು ಕಂಡಕಂಡಲ್ಲಿ ಎಡವಿದೆ. ಲಾರಿಯವನೊಬ್ಬ ಬ್ಲ್ಯಾಕ್ ಐ ಎಂಬ ಕಡಕ್ ಕಾಫಿ ಕೇಳಿದರೆ "ನನಗೊಂದು ಕಪ್ಪು ಕಣ್ಣು ಕೊಡಿ" ಎಂದು ಬರೆದೆ, ಯಾರಿಂದಲೋ ಗುದ್ದಿಸಿಕೊಳ್ಳಲು ಬಂದವನ ಹಾಗೆ. "ಎದ್ದು ಕಾಫಿ ವಾಸನೆ ನೋಡು" ಎಂಬ ಬೈಗುಳವನ್ನು ಇದ್ದದ್ದು ಇದ್ದ ಹಾಗೇ ಇಳಿಸಿದೆ. ಇವೆಲ್ಲ ಒಂದು ದಿನದ ನಗೆಪಾಟಲು, ಮರುದಿನ ಮರೆತುಹೋಗುತ್ತಿತ್ತು. ಜೋ ಮಾತ್ರ ಹೋಗಲಿಲ್ಲ.

"ನನಗೆ ಜೋನ ಲೋಟ ಬೇಕು" ಅನ್ನುತ್ತ ಮೊದಲ ಕಂತಿನಲ್ಲೇ ಇನ್ಸ್‌ಪೆಕ್ಟರ್ ಹೋಟೆಲ್ಲಿನೊಳಗೆ ಬಂದ. ಎರಡನೇ ಕಂತಿನಲ್ಲಿ ಲಾರಿಯವನು "ಬೆಳಗಿನಿಂದ ಜೋ ಸಿಕ್ಕಿಲ್ಲ" ಎಂದು ತಲೆ ಹಿಡಿದು ಕೂತ. ಆಮೇಲೆ ಒಬ್ಬಳು "ಜೋ ಇಲ್ಲದೆ ನನಗೆ ದಿನ ಶುರುವಾಗುವುದಿಲ್ಲ" ಅಂದಳು. "ಊರಿನಲ್ಲಿ ಇಂಥ ಜೋ ಇನ್ನೊಬ್ಬನಿಲ್ಲ" ಅಂದ ಮುದುಕ. ನೋಡುವವರಿಗೆ ಏನನ್ನಿಸಬೇಕು? ಎಲ್ಲರಿಗೂ ಬೇಕಾದ ಒಬ್ಬ ಮನುಷ್ಯ ಎಲ್ಲಿಗೋ ಹೋಗಿದ್ದಾನೆ, ಅವನ ಲೋಟವನ್ನು ಹೋಟೆಲ್ಲಿನವರು ಹಾಗೇ ಇಟ್ಟಿದ್ದಾರೆ, ಬಂದವರೆಲ್ಲ ಅವನನ್ನೇ ಕೇಳುತ್ತಾರೆ.

ಅದನ್ನು ದಿನಾ ನಾಲ್ಕು ಗಂಟೆಗೆ ಕೂತು ನೋಡುತ್ತಿದ್ದವಳು ನನ್ನ ಅಕ್ಕ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಲಿಗೆಯವಳು. ಹೊಸ ಬಟ್ಟೆ ಹೊಲಿಯುವುದಿಲ್ಲ, ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲ ಮಾಡುವುದು, ಕೆಟ್ಟ ಜಿಪ್ ಬಿಚ್ಚಿ ಹೊಸದು ಹಾಕುವುದು. ಈ ಎರಡನೇ ಮಹಡಿಯ ಮನೆ ಅವಳದು ಮತ್ತು ಭಾವನದು. ನಾನು ಕೆಲಸ ಹುಡುಕಿಕೊಂಡು ಬಂದು ಅವರ ಜೊತೆ ಸೇರಿಕೊಂಡವಳು.

ಭಾವ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಅವನ ಲೋಟಕ್ಕೆ ಕಾಫಿ ಸುರಿದು ಮೇಜಿನ ಮೇಲಿಟ್ಟಳು. ಬಿಳಿ ಪಿಂಗಾಣಿ ಲೋಟ, ನೀಲಿ ಅಂಚು, ಹಿಡಿಯ ಹತ್ತಿರ ಒಂದು ಚಕ್ಕೆ ಎದ್ದಿದೆ. ಭಾವ ಅದನ್ನು ನೋಡಿದ. "ಹೊರಗೆ ಹೋಗಿ ಒಂದು ಕಾಫಿ ಕುಡಿದು ಬರ್ತೀನಿ" ಅಂದ. ಎದುರಿಗೆ ಹಬೆಯಾಡುವ ಕಾಫಿ ಇಟ್ಟುಕೊಂಡು ಹಾಗಂದ! ನಾನು ಅಲ್ಲೇ ತಲೆ ಬಾಚಿಕೊಳ್ಳುತ್ತಿದ್ದೆ, ಕಿವಿಯಾರೆ ಕೇಳಿದೆ. ಹೋದವನು ಬರಲೇ ಇಲ್ಲ. ಪೊಲೀಸಿನವರು ಬಂದರು, ಬರೆದುಕೊಂಡರು. ಅವನ ಸಾಮಾನಿನ ಚೀಲ, ಒಳ್ಳೆಯ ಶೂ, ನಾಲ್ಕು ಅಂಗಿ ಕಾಣುತ್ತಿರಲಿಲ್ಲ. ಕಾಫಿ ಕುಡಿಯಲು ನಾಲ್ಕು ಅಂಗಿ ಯಾರು ಒಯ್ಯುತ್ತಾರೆ? ಎಲ್ಲರಿಗೂ ಅರ್ಥವಾಯಿತು, ಅಕ್ಕನಿಗೊಬ್ಬಳಿಗೆ ಆಗಲಿಲ್ಲ. ಎರಡು ತಿಂಗಳು ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಮಷಿನ್ ಮೇಲೆ ಧೂಳು ಕೂತಿತು. ನಾನು ಕಲಸಿ ಬಾಯಿಗಿಟ್ಟರೆ ನುಂಗುತ್ತಿದ್ದಳು, ಇಡದಿದ್ದರೆ ಇಲ್ಲ.

ಅಷ್ಟರಲ್ಲಿ ಈ ಸೀರಿಯಲ್ ಶುರುವಾಯಿತು. ತಂಗಿ ಬರೆದದ್ದು ಟೀವಿಯಲ್ಲಿ ಬರುತ್ತದೆ ಎಂದು ಅಕ್ಕ ಎದ್ದು ಕೂತಳು. ನಾಲ್ಕನೇ ದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಬಾಗಿಲಲ್ಲೇ ಹಿಡಿದಳು.

"ಪುಟ್ಟಿ, ಆ ಜೋ ಇವತ್ತೂ ಬರ್ಲಿಲ್ಲ ಕಣೆ. ಆದ್ರೂ ಅವರು ಎಂಥ ಜನ ನೋಡು, ಒಬ್ಬರೂ ಅವನನ್ನ ಮರೆತಿಲ್ಲ."

ಆ ವಾರ ಅವಳು ಮಷಿನ್ ಒರೆಸಿದಳು. ಮುಂದಿನ ವಾರ ದಾರ ಪೋಣಿಸಿದಳು. ಭಾವನ ಲೋಟವನ್ನು ತೊಳೆದು ನಮ್ಮಿಬ್ಬರ ಲೋಟದ ಪಕ್ಕ ಶೆಲ್ಫಿನಲ್ಲಿ ಇಟ್ಟಳು. ಅಕ್ಕ ಪೆದ್ದಿಯಲ್ಲ. ಜೋ ಬೇರೆ, ಗಂಡ ಬೇರೆ ಎಂದು ಅವಳಿಗೆ ಗೊತ್ತಿತ್ತು. "ಅಷ್ಟು ಜನ ಸೇರಿ ಒಬ್ಬನಿಗೆ ಕಾಯ್ತಾರೆ ಅಂದ್ಮೇಲೆ, ಕಾಯೋದು ಹುಚ್ಚಂತೂ ಅಲ್ಲ," ಅನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಆ ಲೋಟವನ್ನು ಅವತ್ತಿನಿಂದ ದಿನಾ ತೊಳೆಯುವ ಕರ್ಮ ನನ್ನದು, ಪಾತ್ರೆಯ ಪಾಳಿ ನನ್ನದಾದ್ದರಿಂದ. ಯಾರೂ ಕುಡಿಯದ ಲೋಟ! ಒಮ್ಮೆ ತೊಳೆಯದೆ ಬಿಟ್ಟರೆ ಅಕ್ಕ ಬೆರಳಿನಿಂದ ಉಜ್ಜಿ ಧೂಳು ತೋರಿಸುತ್ತಾಳೆ. ಆ ಲೋಟವನ್ನು ಎಷ್ಟು ಸಲ ಕೈಜಾರಿದಂತೆ ಬೀಳಿಸಬೇಕು ಅಂದುಕೊಂಡಿದ್ದೇನೋ, ನನಗೇ ಗೊತ್ತಿಲ್ಲ.

ಮೊದಲ ವರ್ಷದ ಕೊನೆಗೆ ಒಂದು ದಿನ ನನಗೆ ಜ್ವರ. ರಜೆ ಹಾಕಿ ಅಕ್ಕನ ಪಕ್ಕ ಹೊದ್ದು ಕೂತು ಮೊದಲ ಸಲ ಆ ಸೀರಿಯಲ್ ಕಣ್ಣಾರೆ ನೋಡಿದೆ. ಇನ್ಸ್‌ಪೆಕ್ಟರ್ ಬಂದ, "ನನಗೆ ಜೋನ ಲೋಟ ಬೇಕು" ಎಂದು ಕೆಳಗೆ ನನ್ನ ಕನ್ನಡ ಬಂತು. ಬಡಿಸುವವಳು ನಗುತ್ತ ಅವನ ಮುಂದೆ ಲೋಟವಿಟ್ಟು, ಜಗ್ಗಿನಿಂದ ಕಾಫಿ ಸುರಿದಳು. ಅವನು ಕುಡಿದ. "ಜೋ ಇದ್ದರೆ ತಾನೆ ಜೀವ" ಎಂದು ಮತ್ತೆ ನನ್ನ ಕನ್ನಡ.

ಜೋ ಎಂದರೆ ಆ ಕಾಫಿಯೇ! ಜ್ವರ ಅಲ್ಲೇ ಇಳಿದುಹೋಯಿತು.

"ನೋಡಿದ್ಯಾ," ಅಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಅವನ ಲೋಟದಲ್ಲೇ ಕುಡೀತಾರೆ, ಅವನ ನೆನಪಿಗೆ. ಬಂದೇ ಬರ್ತಾನೆ ಬಿಡು."

ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವಳ ಮಡಿಲಲ್ಲಿ ಯಾರದೋ ಪ್ಯಾಂಟು, ಬಾಯಲ್ಲಿ ಎರಡು ಗುಂಡುಸೂಜಿ, ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕಂಡ ಗೆಲುವು. ಮತ್ತೆ ಅವಳನ್ನು ಹಾಸಿಗೆಗೆ ಕಳಿಸುವ ಶಕ್ತಿ ನನಗಿರಲಿಲ್ಲ. ಮುಂದಿನ ಎರಡು ವರ್ಷ ಗೊತ್ತಿದ್ದೂ ಗೊತ್ತಿದ್ದೂ ಜೋ ಎಂದೇ ಬರೆದೆ.

ಇಷ್ಟಕ್ಕೇ ನಿಂತಿದ್ದರೆ ತಂಗಿಯ ಕರುಣೆ ಅನ್ನಬಹುದಿತ್ತು. ಕೊನೆಯ ಕಂತಿನ ಕೊನೆಯ ಮಾತು ಹೀಗಿತ್ತು: ಎಲ್ಲರೂ ಎದ್ದುಹೋದ ಮೇಲೆ ಇನ್ಸ್‌ಪೆಕ್ಟರ್ ತನ್ನ ಲೋಟ ನೋಡಿ, ಜೋ ಆರಿಹೋಗಿದೆ ಅನ್ನುತ್ತಾನೆ. ನನ್ನ ಲೆಕ್ಕದ ಕನ್ನಡದಲ್ಲಿ ಅದು "ಜೋ ತಣ್ಣಗಾದ" ಎಂದಾಗಬೇಕಿತ್ತು. ಮನುಷ್ಯ ತಣ್ಣಗಾದ ಅಂದರೆ ಕನ್ನಡದಲ್ಲಿ ಏನೆಂದು ಯಾರಿಗೆ ಗೊತ್ತಿಲ್ಲ? ಅಷ್ಟು ಬರೆದಿದ್ದರೆ ಜೋ ಸತ್ತಿದ್ದ. ಅಕ್ಕ ಒಂದು ವಾರ ಅತ್ತು ಕಣ್ಣೊರೆಸಿಕೊಂಡು ಎದ್ದಿರುತ್ತಿದ್ದಳು, ಆಗಿನ್ನೂ ಅವಳಿಗೆ ಮೂವತ್ತೇಳು. ನಾನು ಅರ್ಧ ದಿನ ಆ ಸಾಲಿನ ಮುಂದೆ ಕೂತಿದ್ದೆ. ಆಮೇಲೆ "ಜೋ ದಾರಿಯಲ್ಲಿದ್ದಾನೆ" ಎಂದು ಬರೆದೆ.

ಅದು ತಪ್ಪಲ್ಲ, ಮೋಸ.

ಈಗ ಆ ಮೋಸದ ಬೆಲೆ ಕೆಳಗಿನ ಮಹಡಿಯಲ್ಲಿ ಕೀಲಿ ಉಜ್ಜುತ್ತ ಕೂತಿತ್ತು. ಬೀಗದವರು ಎಂದೇ ನಾವು ಅವರನ್ನು ಕರೆಯುವುದು. ಆರು ವರ್ಷದಿಂದ ನಮ್ಮ ಮೆಟ್ಟಿಲ ಬುಡದಲ್ಲೇ ಅವರ ಅಂಗಡಿ. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿದೆ, ಮಕ್ಕಳಿಲ್ಲ. ಅಕ್ಕನ ಮಷಿನ್ ಕೈಕೊಟ್ಟರೆ ಇವರೇ ಬಂದು ಸ್ಕ್ರೂ ತಿರುಗಿಸುವುದು. ಅವರ ಅಂಗಿಯ ಗುಂಡಿಗಳಂತೂ ವಾರಕ್ಕೆ ಎರಡು ಉದುರುತ್ತವೆ. ಅಷ್ಟೊಂದು ಗುಂಡಿ ತಾನಾಗಿ ಉದುರುವುದಿಲ್ಲ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು.

ತಿಂಗಳ ಮೊದಲಿಗೆ ಅವರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಟೈಲರಮ್ಮನವರೇ, ಅಂಗಡಿ ಬೇರೆ ಕಡೆ ತಗೊಂಡಿದೀನಿ. ಪೇಟೆಯ ಆ ತುದಿ. ಈ ತಿಂಗಳ ಕೊನೇ ಭಾನುವಾರ ಕಳೆದ್ರೆ ಇಲ್ಲಿ ಇರಲ್ಲ."

"ಹೌದಾ," ಅಂದಳು ಅಕ್ಕ. ಸೂಜಿ ನಿಂತಿತ್ತು.

"ಹಿಂದುಗಡೆ ಎರಡು ರೂಮಿದೆ. ಕಿಟಕಿ ದೊಡ್ಡದು, ಮಷಿನ್ ಇಡೋಕೆ ಬೆಳಕು ಚೆನ್ನಾಗಿದೆ. ಮೆಟ್ಟಿಲು ಹತ್ತೋ ಕಷ್ಟ ಇಲ್ಲ." ಅಷ್ಟು ಹೇಳುವಷ್ಟರಲ್ಲಿ ಅವರ ಕಿವಿ ಕೆಂಪಾಗಿತ್ತು. "ಯೋಚನೆ ಮಾಡಿ. ಹೂಂ ಅನ್ನೋದಾದ್ರೆ ಅದರ ಹಿಂದಿನ ಶನಿವಾರದೊಳಗೆ ಕೆಳಗೆ ಒಂದು ಕಾಫಿಗೆ ಬನ್ನಿ. ನನ್ನ ಹತ್ತಿರ ಲೋಟ ಒಂದೇ ಇರೋದು, ನಿಮ್ಮ ಲೋಟ ನೀವೇ ತರ್ಬೇಕು."

ಅವರು ಇಳಿದು ಹೋದ ಮೇಲೆ ಅಕ್ಕ ಮತ್ತೆ ಸೂಜಿ ಎತ್ತಿಕೊಂಡಳು. ನಾನೇ ಕೇಳಿದೆ.

"ಏನಂತೀಯ?"

"ಒಳ್ಳೆ ಮನುಷ್ಯ," ಅಂದಳು. "ಮನಸ್ಸು ಇಲ್ಲ ಅಂತ ಅಲ್ಲ ಕಣೆ. ಆದ್ರೆ ಒಂದು ಹೋಟೆಲ್ಲಿನ ಜನ, ಯಾವ ಸಂಬಂಧಾನೂ ಇಲ್ಲದವರು, ಅವನ ಲೋಟ ಎತ್ತಿಡ್ಲಿಲ್ಲ. ಕೊನೆಗೆ ದಾರೀಲಿದ್ದಾನೆ ಅಂತ ಸುದ್ದಿ ಬಂತಲ್ಲ. ನಾನು ಹೆಂಡತಿಯಾಗಿ ಹೇಗೆ ಎದ್ದು ಹೋಗ್ಲಿ?"

ಆ ಸುದ್ದಿ ಕಟ್ಟಿದವಳು ನಾನು. ಆದರೂ ಬಾಯಿ ಬಿಡಲಿಲ್ಲ. ಮೂರು ವಾರ ಹಾಗೇ ಕಳೆದೆ. ಕೆಳಗೆ ಬೀಗದವರು ಡಬ್ಬಗಳನ್ನು ಕಟ್ಟುತ್ತಿದ್ದರು, ಮೇಲೆ ಅಕ್ಕ ಲೋಟದ ಧೂಳು ನೋಡುತ್ತಿದ್ದಳು, ನಡುವೆ ನಾನು ಬೆನ್ನುನೋವಿಗೆ ಮುಲಾಮು ಹಚ್ಚಿಕೊಂಡು ಕೂತಿದ್ದೆ.

ಆ ಮ್ಯಾನೇಜರ್ ಹುಡುಗಿ ಫೋನ್ ಮಾಡಿದ್ದು ಈ ಮೂರು ವಾರ ಕಳೆದ ಮೇಲೆ. ಇನ್ನು ಮುಚ್ಚಿಡುವ ಮಾತೇ ಇರಲಿಲ್ಲ. ಸೋಮವಾರ ನಾಲ್ಕು ಗಂಟೆಗೆ ಟೀವಿ ಹಾಕಿದರೆ ಇನ್ಸ್‌ಪೆಕ್ಟರ್ "ನನಗೊಂದು ಕಾಫಿ ಬೇಕು" ಅನ್ನುತ್ತಾನೆ. ಆದರೆ ಸೋಮವಾರಕ್ಕೆ ಬೀಗದವರು ಇಲ್ಲಿ ಇರುವುದಿಲ್ಲ. ಅಕ್ಕನಿಗೆ ನಿಜ ತಿಳಿಯುವುದೇ ಆದರೆ ಶನಿವಾರದೊಳಗೆ ತಿಳಿಯಬೇಕು, ಅದನ್ನು ನಾನೇ ಹೇಳಬೇಕು.

ಗುರುವಾರ, ಶುಕ್ರವಾರ ಕೂತು ಅರವತ್ತು ಕಡೆ ಜೋನನ್ನು ಅಳಿಸಿದೆ. ಜೋನ ಲೋಟ ಬೇಕು ಎಂಬಲ್ಲಿ ಒಂದು ಕಾಫಿ ಕೊಡಿ. ಜೋ ಸಿಕ್ಕಿಲ್ಲ ಎಂಬಲ್ಲಿ ಕಾಫಿ ಕುಡಿದಿಲ್ಲ. ಜೋ ಇಲ್ಲದೆ ದಿನ ಶುರುವಾಗುವುದಿಲ್ಲ ಎಂಬಲ್ಲಿ ಕಾಫಿ ಇಲ್ಲದೆ. ಎಷ್ಟು ಸಪ್ಪೆ ಮಾತುಗಳು! ಜೋ ಹೋದ ಮೇಲೆ ಆ ಹೋಟೆಲ್ಲಿನಲ್ಲಿ ಕತೆಯೇ ಉಳಿಯಲಿಲ್ಲ, ಬರೀ ಕುಡಿಯುವವರು ಉಳಿದರು. ಅರವತ್ತೊಂದನೆಯದನ್ನು ಮುಟ್ಟಲು ಕೈ ಬರಲಿಲ್ಲ.

ಶನಿವಾರ ಬೆಳಿಗ್ಗೆ ಅಕ್ಕ ದಿನದ ಹಾಗೇ ನನ್ನ ಹೊದಿಕೆ ಎಳೆದಳು. "ಏಳೇ ಪುಟ್ಟಿ, ಎದ್ದು ಕಾಫಿ ವಾಸನೆ ನೋಡು." ಆ ಸೀರಿಯಲ್ಲಿನಿಂದ ಕಲಿತ ಮಾತು ಅದು, ಇಪ್ಪತ್ತೆರಡು ವರ್ಷದಿಂದ ನನಗೆ ಅದೇ ಸುಪ್ರಭಾತ. ಎದ್ದೆ. ಕಾಫಿ ಕುಡಿದೆ. ಅವಳು ಮಷಿನ್ ಮುಂದೆ ಕೂತಳು. ಮಧ್ಯಾಹ್ನದವರೆಗೂ ಬಾಗಿಲಿಗೂ ಕಿಟಕಿಗೂ ಓಡಾಡಿದೆ. ಕೆಳಗೆ ಯಾರೋ ಅಂಗಡಿಯ ಫಲಕ ಕಳಚುವ ಸದ್ದು ಬಂತು.

"ಅಕ್ಕ," ಅಂದೆ. "ಜೋ ಇಲ್ಲ."

"ಇನ್ನೂ ಬಂದಿಲ್ಲ ಅನ್ನು." ಅವಳು ತಲೆ ಎತ್ತಲಿಲ್ಲ.

"ಬರಲ್ಲ. ಅವನು ಮನುಷ್ಯನೇ ಅಲ್ಲ ಅಕ್ಕ. ಜೋ ಅಂದ್ರೆ ಕಾಫಿ. ಇಂಗ್ಲಿಷಲ್ಲಿ ಅದು ಕಾಫಿಗೆ ಇನ್ನೊಂದು ಹೆಸರು. ನಾನು ತಪ್ಪು ತಿಳ್ಕೊಂಡು ಹೆಸರು ಅಂತ ಬರೆದೆ."

ಮಷಿನ್ ನಿಂತಿತು. ಅಕ್ಕ ಕನ್ನಡಕ ಹಣೆಗೆ ಏರಿಸಿ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಒಂದು ಸಲ ಶುರುವಾದರೆ ಅವಳ ನಗು ನಿಲ್ಲುವುದಿಲ್ಲ, ಕಣ್ಣಲ್ಲಿ ನೀರು ಬಂತು.

"ಅಯ್ಯೋ ನಿನ್ನ! ಕಾಫೀನಾ? ಬರೀ ಕಾಫೀನಾ?"

"ಹೂಂ."

"ಮತ್ತೆ ಎದ್ದು ಕಾಫಿ ವಾಸನೆ ನೋಡು ಅನ್ನೋದು? ಅದೂ ತಪ್ಪಾ?"

"ಅದಕ್ಕೆ... ಭ್ರಮೆ ಸಾಕು, ಕಣ್ಣು ಬಿಟ್ಟು ನಿಜ ನೋಡು ಅಂತ ಅರ್ಥ."

"ಅದನ್ನ ನಾನು ನಿನಗೆ ದಿನಾ ಬೆಳಿಗ್ಗೆ ಹೇಳ್ತಿದ್ನಾ!" ಎಂದು ಇನ್ನಷ್ಟು ನಕ್ಕಳು. ನನಗೂ ನಗು ಬಂತು, ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು. ಅವಳ ನಗು ನಡುವೆ ಎಲ್ಲೋ ನಿಂತಿತು.

"ಪುಟ್ಟಿ, ಅವರಿಗೆ ಅದು ಸಿಗ್ತಿತ್ತಾ? ಕಾಫಿ?"

"ಸಿಗ್ತಿತ್ತು ಅಕ್ಕ. ಕೇಳಿದ ತಕ್ಷಣ."

"ದಿನಾ?"

"ದಿನಾ."

ಅವಳು ಮಡಿಲಲ್ಲಿದ್ದ ಬಟ್ಟೆಯನ್ನು ನೇರ ಮಾಡಿದಳು, ಮತ್ತೆ ನೇರ ಮಾಡಿದಳು.

"ಹಾಗಾದ್ರೆ ಅಲ್ಲಿ ಯಾರೂ ಯಾರಿಗೂ ಕಾಯ್ತಿರ್ಲಿಲ್ಲ," ಅಂದಳು. "ಕಾಯ್ತಿದ್ದವಳು ನಾನೊಬ್ಬಳೇ."

ಕೆಳಗೆ ಬಿದ್ದಿದ್ದ ದಾರದ ಉಂಡೆ ಎತ್ತಿ ಮಷಿನ್ ಪಕ್ಕ ಇಟ್ಟೆ. ಅವಳು ಬಿಡಲಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು? ನಿಜ ಹೇಳು."

"ಮೊದಲನೇ ವರ್ಷ. ಜ್ವರ ಬಂದಿತ್ತಲ್ಲ, ಆವತ್ತು."

"ದಾರೀಲಿದ್ದಾನೆ ಅಂತ ಕೊನೇಲಿ ಬಂತಲ್ಲ, ಅದು?"

"ಅದು ನಾನೇ ಬರೆದದ್ದು. ಅಲ್ಲಿದ್ದದ್ದು ತಣ್ಣಗಾಯ್ತು ಅಂತ."

"ಯಾಕೆ?"

"ನಿನಗೆ ದುಃಖ ಆಗುತ್ತೆ ಅಂತ..."

"ಪುಟ್ಟಿ."

ಅವಳು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ಜಗಳ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಹೆಸರು ಹಿಡಿದು ಕರೆದಳು, ಅಷ್ಟೇ.

"ನೀನು ಬೇರೆ ಮದುವೆ ಆಗಿ ಹೋದ್ರೆ ನಾನು ಒಬ್ಬಳೇ ಆಗ್ತೀನಿ ಅಂತ," ಅಂದೆ. "ಕಾಯ್ತಾ ಇದ್ರೆ ಮನೇಲೇ ಇರ್ತೀಯ ಅಂತ. ಅಷ್ಟೇ ಅಕ್ಕ. ಬೇರೇನೂ ಇಲ್ಲ."

ಇಷ್ಟು ವರ್ಷ ಮುಚ್ಚಿಟ್ಟಿದ್ದ ಮಾತು ಒಂದು ಉಸಿರಿಗೆ ಹೊರಗೆ ಬಂತು. ನಾಚಿಕೆಯಿಂದ ನನಗೆ ಅಲ್ಲೇ ಸಾಯುವಂತಾಯಿತು. ಅಕ್ಕ ಅರ್ಧಕ್ಕೆ ನಿಂತಿದ್ದ ಅಂಚನ್ನು ಪೂರ್ತಿ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿದಳು. ಪ್ಯಾಂಟು ಮಡಚಿ, ಗಿರಾಕಿಯ ಚೀಟಿ ಸಿಕ್ಕಿಸಿ, ಪಕ್ಕಕ್ಕಿಟ್ಟಳು.

"ನಿನಗೆ ಎರಡು ಬಾರಿಸೋಣ ಅನ್ನಿಸ್ತಿದೆ," ಅಂದಳು.

"ಬಾರಿಸು."

"ಕೈ ನೋಯುತ್ತೆ. ಬೆಳಗಿಂದ ಏಳು ಜಿಪ್ ಹಾಕಿದೀನಿ."

ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಭಾವನ ಲೋಟ ಇತ್ತು. ಟವೆಲ್ಲಿನಿಂದ ಒಳಗೂ ಹೊರಗೂ ಒರೆಸಿದಳು, ಚಕ್ಕೆ ಎದ್ದ ಜಾಗಕ್ಕೆ ಹೆಬ್ಬೆರಳು ಇಟ್ಟು ಹಿಡಿದುಕೊಂಡಳು. ಕನ್ನಡಿಯಲ್ಲಿ ಮುಖ ನೋಡಿ ಕೂದಲು ಹಿಂದೆ ಮಾಡಿಕೊಂಡಳು. ಚಪ್ಪಲಿ ಮೆಟ್ಟಿದಳು.

"ಕೆಳಗೆ ಹೋಗಿ ಒಂದು ಕಾಫಿ ಕುಡಿದು ಬರ್ತೀನಿ," ಅಂದಳು.

ಆ ಮಾತು ಇಬ್ಬರ ಕಿವಿಗೂ ಒಟ್ಟಿಗೇ ಬಿತ್ತು. ಅವಳೂ ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ಹಾಗೆ ಹೇಳಿ ಹೋಗ್ಬೇಡ ಅಕ್ಕ."

"ಮತ್ತೆ ಹೇಗೆ ಹೇಳ್ಲಿ? ಕಾಫಿ ಕುಡಿಯೋಕೇ ಹೋಗ್ತಿರೋದು."

ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು. ಮೊಣಕಾಲು ನೋವಿನವಳು, ಒಂದೊಂದೇ ಮೆಟ್ಟಿಲು ಇಳಿಯುವುದು ಕೇಳಿಸುತ್ತಿತ್ತು. ಆಮೇಲೆ ಕೆಳಗೆ ಬೀಗದವರ ದನಿ, ಏನೋ ಕೆಳಗೆ ಬಿದ್ದ ಸದ್ದು, ಬಹುಶಃ ಡಬ್ಬ. ಆಮೇಲೆ ಅಕ್ಕನ ನಗು.

ನಾನು ಹೋಗಿ ಮೇಜಿನ ಮುಂದೆ ಕೂತೆ. ಅರವತ್ತೊಂದನೆಯ ಸಾಲನ್ನು ತೆರೆದೆ. "ಜೋ ದಾರಿಯಲ್ಲಿದ್ದಾನೆ" ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ "ನನ್ನ ಕಾಫಿ ತಣ್ಣಗಾಯಿತು" ಎಂದು ಬರೆದೆ. ಸಾಲಿನ ಅಳತೆ ಸರಿಯಿತ್ತು, ಸೆಕೆಂಡು ಸರಿಯಿತ್ತು. ಆಫೀಸಿಗೆ ಕಳಿಸಿದೆ. ಎರಡು ನಿಮಿಷಕ್ಕೆ ಆ ಹುಡುಗಿಯಿಂದ ಉತ್ತರ ಬಂತು: ಥ್ಯಾಂಕ್ಸ್ ಮೇಡಂ, ಈಗ ಎಲ್ಲಾ ಸರಿಯಾಯ್ತು.

ನಾಲ್ಕು ಗಂಟೆಯಾಯಿತು. ಐದಾಯಿತು. ಕೀಲಿ ಉಜ್ಜುವ ಮಷಿನ್ನಿನ ಸದ್ದು ಇರಲಿಲ್ಲ, ಅದನ್ನು ಕಟ್ಟಿಟ್ಟಿರಬೇಕು. ಅಕ್ಕ ಬರಲಿಲ್ಲ. ಪಾತ್ರೆ ತೊಳೆಯೋಣ ಎಂದು ಹೋದರೆ ಶೆಲ್ಫಿನಲ್ಲಿ ಎರಡೇ ಲೋಟ. ಮೂರನೆಯದು ಇದ್ದ ಜಾಗದಲ್ಲಿ ಮರದ ಮೇಲೆ ದುಂಡನೆ ಗುರುತು ಉಳಿದಿತ್ತು. ಒದ್ದೆ ಬಟ್ಟೆ ಹಾಕಿ ಉಜ್ಜಿದೆ, ಹೋಗಲಿಲ್ಲ.

ಒಲೆ ಹಚ್ಚಿ ಕಾಫಿ ಮಾಡಿದೆ. ಅಭ್ಯಾಸ ನೋಡಿ, ಇಬ್ಬರಿಗಾಗುವಷ್ಟು ಮಾಡಿದ್ದೆ. ನನ್ನ ಲೋಟಕ್ಕೆ ಸುರಿದುಕೊಂಡೆ. ಅಕ್ಕನ ಲೋಟಕ್ಕೂ ಸುರಿದು, ಮೇಲೊಂದು ತಟ್ಟೆ ಮುಚ್ಚಿ, ಬಾಗಿಲು ಕಾಣುವ ಹಾಗೆ ಕುರ್ಚಿ ಎಳೆದುಕೊಂಡು ಕೂತೆ.